ಉಜ್ಜಿದ ಇಟ್ಟಿಗೆ

ಕೆಂಡದ ಮೇಲೆ ಕೆಟಲಿನ ಮುಚ್ಚಳ ಕುಣಿಯುತ್ತಿತ್ತು. ಯಿನ್‌ಶ್ಯಾ ಅದರ ಪಕ್ಕದಲ್ಲೇ ನಿಂತಿದ್ದರೂ ಕೈ ಚಾಚಲಿಲ್ಲ. ಎದುರಿಗೆ ಅವಳ ಅತ್ತೆ ಗುಯಿಚಿನ್ ಚಹಾ ಎಲೆ ಒತ್ತಿ ಕಟ್ಟಿದ ಇಟ್ಟಿಗೆಯ ಮೂಲೆಯಿಂದ ಮುರಿದ ತುಂಡೊಂದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು. ಇಟ್ಟಿಗೆಯನ್ನು ಹೊತ್ತು ತಂದಿದ್ದ ನೆರೆಮನೆಯ ಶಾಂಗ್‌ಲಿನ್ ಮೊಣಕಾಲಿನ ಮೇಲೆ ಟೋಪಿ ಇಟ್ಟುಕೊಂಡು ಆ ಮೂಗನ್ನೇ ನೋಡುತ್ತಿದ್ದ.

ನಾಳೆ ಅವನ ಮಗನ ಮದುವೆ. ಮಗ ಹುಟ್ಟಿದ ವರ್ಷ ಒತ್ತಿಟ್ಟ ಇಟ್ಟಿಗೆಯನ್ನು ಮದುವೆಯ ದಿನ ಬೀಗರ ಮುಂದೆ ಮುರಿದು, ಒಳಗಿನ ಹೊನ್ನ ಹೂವು ತೋರಿಸಿ, ಅದನ್ನೇ ಕುದಿಸಿ ಹಿರಿಯರಿಗೆಲ್ಲ ಕೊಡುವುದು ಈ ಕಣಿವೆಯ ಪದ್ಧತಿ. ಹೂವೆಂದರೆ ಎಲೆಗಳ ನಡುವೆ ಸಾಸಿವೆಗಿಂತ ಸಣ್ಣದಾಗಿ ಕಟ್ಟುವ ಹಳದಿ ಕಾಳು. ಅದು ದಟ್ಟವಾಗಿದ್ದರೆ ಹುಡುಗನ ಅಪ್ಪ ಎದೆ ಸೆಟೆಸಿ ಓಡಾಡುತ್ತಾನೆ. ಇಲ್ಲದಿದ್ದರೆ ಬೀಗರ ಕಡೆಯ ಮುದುಕಿಯರು ಬಟ್ಟಲಿನೊಳಗೆ ಇಣುಕಿ, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಜಿ ನದಿಯ ಈ ದಡದಲ್ಲಿ ನಲವತ್ತು ವರ್ಷಗಳಿಂದ ಗುಯಿಚಿನ್ ಮೂಗು ಹೂವು ಅಂದರೆ ಹೂವು, ಬೂಷ್ಟು ಅಂದರೆ ಬೂಷ್ಟು. ಆ ಮೂಗನ್ನು ಹೋದ ಚಳಿಗಾಲದ ಜ್ವರ ಹೊತ್ತುಕೊಂಡು ಹೋಗಿತ್ತು. ಪಕ್ಕದಲ್ಲೇ ಅನ್ನ ಸೀದು ಕರಕಲಾದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಇದು ಗೊತ್ತಿದ್ದದ್ದು ಸೊಸೆಗೆ ಮಾತ್ರ. ಅತ್ತೆ ಸೊಸೆ ಸೇರಿ ಒಂದು ಏರ್ಪಾಡು ಮಾಡಿಕೊಂಡಿದ್ದರು. ತುಂಡು ಮುರಿದುಕೊಡುವಾಗ ಯಿನ್‌ಶ್ಯಾ ಮೂಸಿಬಿಡುವುದು. ಚೆನ್ನಾಗಿದ್ದರೆ ಕೆಟಲ್ ಎತ್ತಿ ಬಟ್ಟಲಿಗೆ ನೀರು ಹಾಕುವುದು, ಕೆಟ್ಟಿದ್ದರೆ ಸುಮ್ಮನೆ ನಿಲ್ಲುವುದು. ಗುಯಿಚಿನ್ ಕಣ್ಣು ಮುಚ್ಚಿಕೊಂಡು ನೀರಿನ ಸದ್ದಿಗೆ ಕಾಯುತ್ತಿದ್ದಳು. ಒಂದು ವರ್ಷದಿಂದ ಜನ ನೋಡುತ್ತಿದ್ದದ್ದು ಮೂಗನ್ನು, ಕೆಲಸ ಮಾಡುತ್ತಿದ್ದದ್ದು ಕಿವಿ.

ಇವತ್ತು ನೀರಿನ ಸದ್ದಿಲ್ಲ. ಗುಯಿಚಿನ್ ಒಂದು ಕಣ್ಣು ತೆರೆದು ತುಂಡನ್ನು ನೋಡಿದಳು. ಹಳದಿ ತುಂಬಿ ತುಳುಕುತ್ತಿತ್ತು. ಸೊಸೆಗೇ ಎಲ್ಲೋ ತಪ್ಪಿರಬೇಕು ಎಂದುಕೊಂಡಳು. ಹಾಗೆ ಅಂದುಕೊಳ್ಳುವುದು ಅವಳಿಗೆ ಬೇಕಾಗಿತ್ತು.

"ನೀರು ಹಾಕೇ," ಎಂದಳು.

"ಬೇಡ ಅತ್ತೆ."

"ಏನು ಬೇಡ?" ಶಾಂಗ್‌ಲಿನ್ ತಿರುಗಿದ. "ಅಕ್ಕ, ನಿನ್ನ ಸೊಸೆಗೆ ಹೂವು ಕಂಡ್ರೆ ಮೈಯೆಲ್ಲ ಉರಿಯುತ್ತೆ ಅಂತ ಊರಿಗೇ ಗೊತ್ತು. ಎಲ್ಲಮ್ಮಾ ನಿನ್ನ ಬ್ರಷ್ಷು? ತಗೊಂಡ್ಬಾ, ಇದನ್ನೂ ಉಜ್ಜಿಬಿಡು!"

ಯಿನ್‌ಶ್ಯಾಳ ಕತ್ತು ಕೆಂಪಾಯಿತು. ಅವಳು ಹಸಿರು ಚಹಾದ ಊರಿನವಳು. ಅಲ್ಲಿ ವರ್ಷದೊಳಗೆ ಕುಡಿದು ಮುಗಿಸುತ್ತಾರೆ, ಒಂದು ಚುಕ್ಕೆ ಕಂಡರೂ ತಿಪ್ಪೆಗೆ ಎಸೆಯುತ್ತಾರೆ. ಹನ್ನೊಂದು ವರ್ಷದ ಹಿಂದೆ, ಮದುವೆಗೆ ನಾಲ್ಕು ದಿನ ಮೊದಲೇ ಇಲ್ಲಿಗೆ ಬಂದಿದ್ದ ಅವಳು, ಗಂಡನಾಗುವವನ ಇಟ್ಟಿಗೆಗೆ ಬೂಷ್ಟು ಹಿಡಿದಿದೆಯೆಂದು ನಾಚಿ, ಯಾರಿಗೂ ಹೇಳದೆ ಬೂಟಿನ ಬ್ರಷ್ಷಿನಿಂದ ಮಧ್ಯಾಹ್ನವೆಲ್ಲ ಉಜ್ಜಿ ಬೋಳು ಮಾಡಿಟ್ಟಿದ್ದಳು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು; ಬೋಳು ಇಟ್ಟಿಗೆಯನ್ನು ಮದುವೆಯಲ್ಲಿ ಇಡುವ ಹಾಗಿರಲಿಲ್ಲ. ಆವತ್ತು ಶಾಂಗ್‌ಲಿನ್ ತನ್ನ ಅಟ್ಟದಲ್ಲಿದ್ದ ಎರಡು ಹಳೆಯ ಇಟ್ಟಿಗೆಗಳಲ್ಲಿ ಒಂದನ್ನು ತಂದುಕೊಟ್ಟು ಈ ಮನೆಯ ಮಾನ ಉಳಿಸಿದ. ಆಮೇಲೆ ಅದನ್ನು ಹೇಳಿಕೊಂಡು ತಿರುಗುವುದನ್ನು ಅವನು ಒಂದು ದಿನವೂ ಬಿಟ್ಟಿರಲಿಲ್ಲ. ಇವತ್ತು ತಂದಿದ್ದದ್ದು ಉಳಿದ ಇನ್ನೊಂದು.

ಗುಯಿಚಿನ್ ಸೊಸೆಯ ಕೆಂಪು ಕತ್ತನ್ನು ನೋಡಿದಳು, ಕೆಟಲಿನಿಂದ ದೂರವೇ ಉಳಿದಿದ್ದ ಅವಳ ಕೈಯನ್ನೂ ನೋಡಿದಳು. ಚೆನ್ನಾಗಿದೆ ಅಂತ ತಾನೊಂದು ಮಾತು ಅಂದುಬಿಟ್ಟರೆ ಶಾಂಗ್‌ಲಿನ್ ಖುಷಿಯಾಗಿ ಎದ್ದು ಹೋಗುತ್ತಾನೆ, ತನ್ನ ಹೆಸರೂ ಉಳಿಯುತ್ತದೆ. ನಾಳೆ ಮಾತ್ರ ಹಲ್ಲಿಲ್ಲದ ಮುದುಕ ಮುದುಕಿಯರೆಲ್ಲ ಇದೇ ನೀರನ್ನು ಸೊರಸೊರ ಕುಡಿಯುತ್ತಾರೆ. ಅವಳು ತುಂಡನ್ನು ಕೆಳಗಿಟ್ಟಳು.

"ಶಾಂಗ್‌ಲಿನಾ, ನನ್ನ ಮೂಗು ಸತ್ತು ಒಂದು ವರ್ಷ ಆಯ್ತು ಕಣೋ."

"ತಮಾಷೆ ಮಾಡ್ಬೇಡ ಅಕ್ಕ."

"ನಿನ್ನ ಕಾಲ್ಚೀಲ ಬಿಚ್ಚಿ ಮೂಗಿಗೆ ಹಿಡಿ ಬೇಕಾದ್ರೆ, ನಗ್ತಾ ಕೂತಿರ್ತೀನಿ. ಈ ವರ್ಷ ಈ ಮನೇಲಿ ಹೇಳಿದ್ದೆಲ್ಲ ಇವಳ ಮೂಗು."

"ಮತ್ತೆ ಬೇಸಿಗೇಲಿ ನಮ್ಮ ತಮ್ಮನ ಮೂವತ್ತು ಬುಟ್ಟಿ ಚಹಾ ನೋಡಿದ್ದು?"

"ಅದೂ ಇವಳೇ. ಒಂದಾದ್ರೂ ತಪ್ಪಿತ್ತಾ?"

ಒಂದೂ ತಪ್ಪಿರಲಿಲ್ಲ.

ಯಿನ್‌ಶ್ಯಾ ಬಾಯಿ ಮೂಗಿಗೆ ವಸ್ತ್ರ ಸುತ್ತಿಕೊಂಡು, ತುಂಡನ್ನು ಕಪ್ಪು ಅರಗಿನ ತಟ್ಟೆಯ ಮೇಲಿಟ್ಟು ಕಿಟಕಿಯ ಹತ್ತಿರ ಒಯ್ದಳು. ಚಹಾ ತೂರುವ ಬೀಸಣಿಗೆಯಿಂದ ಒಮ್ಮೆ ಮೆಲ್ಲಗೆ ಗಾಳಿ ಹಾಕಿದಳು. ಕಪ್ಪು ತಟ್ಟೆಯ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಪುಡಿ ಹರಡಿತು. ಹೊರಗಿನ ಬೆಳಕಿನಲ್ಲಿ ಅದರ ಹಳದಿಯೊಳಗಿನ ಹಸಿರು ಎದ್ದು ಕಂಡಿತು. ಈ ಪರೀಕ್ಷೆಯನ್ನು ಸೊಸೆಗೆ ಕಲಿಸಿದವಳೇ ಗುಯಿಚಿನ್. ಶಾಂಗ್‌ಲಿನ್‌ನ ಹಳೆಯ ಋಣ ನೆನೆದು ಇವತ್ತು ತಾನು ಅದನ್ನು ಮಾಡದೆ ಬಿಟ್ಟಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

"ಹೂವಾದ್ರೆ ಎಲೆ ಬಿಟ್ಟು ಹಾರಲ್ಲ, ಮಾವ," ಎಂದಳು ಯಿನ್‌ಶ್ಯಾ. "ಕಾಳು ಕಾಳಾಗಿ ಕಚ್ಕೊಂಡಿರುತ್ತೆ. ವಾಸನೇನೂ ಹಿತವಾಗಿರುತ್ತೆ. ಇದು ಒದ್ದೆ ಗೋಣಿ ಥರ ಮುಗ್ಗಲು, ಮೂಗಿಗೆ ಚುಚ್ಚುತ್ತೆ. ನಿಜ ಹೇಳಿ, ಇದಕ್ಕೆ ನೀರು ತೋರಿಸಿದ್ರಾ?"

ಶಾಂಗ್‌ಲಿನ್ ಟೋಪಿಯನ್ನು ತಿರುಗಿಸಿದ, ಮತ್ತೊಮ್ಮೆ ತಿರುಗಿಸಿದ.

"ಸ್ವಲ್ಪ... ಬೀಗರು ಮೇಲೂರಿನವರು. ಅವರ ಮನೆ ಇಟ್ಟಿಗೆ ಮುರಿದ್ರೆ ಕಣ್ಣು ಕುಕ್ಕುತ್ತೆ. ನಾನು ಮೂಲೆ ಕೆರೆದು ನೋಡಿದ್ರೆ ಅಲ್ಲೊಂದು ಇಲ್ಲೊಂದು ಹೂವು. ಹೊಸಾ ಇಟ್ಟಿಗೆಗೆ ಬೆಚ್ಚಗೆ ತೇವ ಕೊಟ್ರೆ ಹೂವು ಕಟ್ಟುತ್ತಲ್ಲ, ಹಳೇದಕ್ಕೂ ಕಟ್ಟುತ್ತೆ ಅಂದ್ಕೊಂಡೆ. ಒದ್ದೆ ಬಟ್ಟೆ ಸುತ್ತಿ ಅನ್ನದ ಒಲೆ ಮೇಲಿನ ಅಟ್ಟದಲ್ಲಿಟ್ಟೆ."

"ಎಷ್ಟು ದಿನ?"

"ಇಪ್ಪತ್ತು."

"ನೀನು ಇಟ್ಟಿಗೆಗೆ ಬಾಣಂತನ ಮಾಡಿದೀಯೇನೋ?" ಎಂದಳು ಗುಯಿಚಿನ್. ಯಾರೂ ನಗಲಿಲ್ಲ.

"ಹೊರಗಿಂದು ಕೆತ್ತಿ ಹಾಕೋಣ," ಶಾಂಗ್‌ಲಿನ್ ಗೋಗರೆದ. "ನಡುಮಧ್ಯದ್ದು ಹಳೇದೇ ಅಲ್ವಾ? ಜೋರಾಗಿ ಕುದಿಸಿದ್ರೆ?"

"ಕಣ್ಣಿಗೆ ಕಂಡಷ್ಟೇ ಇರಲ್ಲ ಇದು. ಇದರ ವಿಷ ಕುದಿಸಿದ್ರೂ ಹೋಗಲ್ಲ. ಒಂದು ಚೂರೂ ಯಾರ ಹೊಟ್ಟೆಗೂ ಹೋಗಬಾರ್ದು, ಮಾವ." ಅವಳ ದನಿ ಮೆತ್ತಗಿತ್ತು, ಆದರೆ ಅದರಲ್ಲಿ ಚೌಕಾಸಿಗೆ ಜಾಗವಿರಲಿಲ್ಲ. ಇಟ್ಟಿಗೆ, ತುಂಡು, ತಟ್ಟೆಯ ಪುಡಿ ಎಲ್ಲವನ್ನೂ ಕಾಗದದಲ್ಲಿ ಬಿಗಿಯಾಗಿ ಕಟ್ಟಿ ಹೊರಗೆ ಇಟ್ಟುಬಂದು ಕೈ ತೊಳೆದಳು.

ಶಾಂಗ್‌ಲಿನ್ ತಲೆಯ ಮೇಲೆ ಕೈ ಹೊತ್ತ. ಇಪ್ಪತ್ತಾರು ವರ್ಷ ಕಾದ ಇಟ್ಟಿಗೆಯನ್ನು ಇಪ್ಪತ್ತು ದಿನದಲ್ಲಿ ತಾನೇ ಕೊಂದಿದ್ದ. "ನಾಳೆ ಅವರ ಮುಂದೆ ಏನು ಮುರೀಲಿ?" ಎಂದ.

ಗುಯಿಚಿನ್ ಎದ್ದು ಏಣಿ ಹತ್ತಿದಳು. ಅಟ್ಟದಲ್ಲಿ ಏನೇನೋ ಸರಿಸಿದ ಸದ್ದಾಯಿತು. ಬಿದಿರಿನ ಸಿಪ್ಪೆ ಸುತ್ತಿದ ಗಂಟೊಂದನ್ನು ಕಂಕುಳಲ್ಲಿಟ್ಟುಕೊಂಡು ಇಳಿದು ಬಂದು ಮೇಜಿನ ಮೇಲೆ ಬಿಚ್ಚಿದಳು. ಕಪ್ಪಾದ ಇಟ್ಟಿಗೆ. ಅದರ ಮೈ ತುಂಬ ಬ್ರಷ್ಷಿನ ಗೀರುಗಳು.

ಯಿನ್‌ಶ್ಯಾ ಬಾಯಿಗೆ ಕೈ ಇಟ್ಟುಕೊಂಡಳು. "ಇದನ್ನ ಆವತ್ತೇ ಎಸೆದ್ರಿ ಅಂದ್ಕೊಂಡಿದ್ದೆ!"

"ಎಸೆಯೋಕೆ ನಂಗೇನು ತಲೆ ಕೆಟ್ಟಿದ್ಯಾ? ನೀನು ಉಜ್ಜಿದ್ದು ಮೈಯನ್ನ. ಹೂವಿರೋದು ಹೊಟ್ಟೇಲಿ."

"ಮತ್ತೆ ಹನ್ನೊಂದು ವರ್ಷ ಊರೆಲ್ಲ ಆಡ್ಕೊಂಡ್ರೂ ಒಂದು ಮಾತು ಹೇಳ್ಲಿಲ್ಲ!"

"ಆಡ್ಕೊಂಡ್ರು ಅಂತ ನೀನು ಹಟ ಹಿಡಿದು ಕಲೀತಿದ್ದೆ. ನಾನ್ಯಾಕೆ ಕೆಡಿಸ್ಲಿ?"

ಯಿನ್‌ಶ್ಯಾಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಎರಡನ್ನೂ ನುಂಗಿಕೊಂಡಳು.

"ಬೀಗರು ಬೋಳು ಇಟ್ಟಿಗೆ ಅಂತ ನಗ್ತಾರೆ ಅಕ್ಕ," ಶಾಂಗ್‌ಲಿನ್ ಗೊಣಗಿದ.

"ಮುರಿಯೋವರೆಗೆ ನಗ್ಲಿ ಬಿಡು."

ಗುಯಿಚಿನ್ ದಬ್ಬಳದಂಥ ಕಡ್ಡಿ ತೂರಿಸಿ ಒಂದು ಮೂಲೆ ಎಬ್ಬಿಸಿದಳು. ಇಟ್ಟಿಗೆ ಟಕ್ಕೆಂದು ಬಾಯಿ ಬಿಟ್ಟಿತು. ಬಂದ ತುಂಡನ್ನು ಅಭ್ಯಾಸದಂತೆ ಮೂಗಿನವರೆಗೂ ಒಯ್ದವಳು ಅಲ್ಲೇ ನಿಲ್ಲಿಸಿ, ಸೊಸೆಯ ಕಡೆಗೆ ಚಾಚಿದಳು. ಬೇರೆಯವರ ಎದುರಿಗೆ ಹಾಗೆ ಮಾಡಿದ್ದು ಅದೇ ಮೊದಲು.

ಯಿನ್‌ಶ್ಯಾ ಬೀಸಣಿಗೆ ಬೀಸಿದಳು. ತಟ್ಟೆಯ ಮೇಲೆ ಏನೂ ಬೀಳಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ತಿರುವಿದಳು. ಆಮೇಲೆ ಮೂಗಿಗೆ ಹಿಡಿದು ನಿಧಾನವಾಗಿ ಉಸಿರೆಳೆದಳು. ಶಾಂಗ್‌ಲಿನ್ ಈಗ ಅವಳ ಮೂಗನ್ನೇ ನೋಡುತ್ತಿದ್ದ.

ಗುಯಿಚಿನ್ ಬೆಂಚಿಗೆ ಒರಗಿ ಕಣ್ಣು ಮುಚ್ಚಿದಳು. ಕೆಂಡ ಚಿಟಿಚಿಟಿ ಅಂದಿತು. ಕೆಟಲಿನ ಮುಚ್ಚಳ ಕುಣಿಯುವುದು ನಿಂತಿತು. ಆಮೇಲೆ ಬಟ್ಟಲಿಗೆ ನೀರು ಬೀಳುವ ಸದ್ದು ಕೇಳಿಸಿತು.