ಕಂಡು ಬಂದ ಮಾತು

"ಫೋಟೊದಾಗ ನಳ ಇತ್ತು ಅಂತೀರಲ್ಲಣ್ಣಾ, ಆ ನಳದಾಗ ನೀರು ಬರ್ತಿತ್ತೇನ್ರಿ?"

ಭಾಗೀರಥಿಬಾಯಿ ಕೂಗಲಿಲ್ಲ. ಕೂಗಿದ್ದರೆ ಮಾಣಿಕ ತಾನೂ ಕೂಗುತ್ತಿದ್ದ. ಚಿಂತಾಕಿಯಿಂದ ಮೊದಲ ಬಸ್ಸಿಗೆ ಹೊರಟು, ಬೀದರಿನಲ್ಲಿ ಅವನ ಮನೆ ಹುಡುಕಿಕೊಂಡು ಬಂದವಳು ಹೊಸ್ತಿಲಾಚೆಯೇ ನಿಂತಿದ್ದಳು. ಬಿಸಿ ಇಟ್ಟಂಗಿ ಹೊತ್ತು ಅಂಗೈಗಳ ಚರ್ಮ ಸುಲಿದಿತ್ತು.

"ಒಳಗ ಬಾ ತಂಗಿ. ಚಾ ಕುಡಿ."

"ಚಾ ಕುಡೀಲಾಕ ಬಂದಿಲ್ರಿ. ನೀವು ಹೇಳಿದ್ರಿ, ನಾವು ಹೋದ್ವಿ. ಒಂಬತ್ತು ಮನಿ ಮಂದಿ. ಎರಡು ದಿನಕ್ಕೊಮ್ಮಿ ಟ್ಯಾಂಕರ್, ಅದೂ ಉಪ್ಪ ನೀರು. ಭಟ್ಟಿ ಬಿಟ್ಟು ಹೊರಗ ಹೋಗಂಗಿಲ್ಲ, ಗೇಟಿಗಿ ಬೀಗ. ನಮ್ಮವ್ವ ಸತ್ತಳಂತ ನನಗ ಮೂರು ದಿನ ಬಿಟ್ಟಾರ. ನಾ ತಿರುಗಿ ಬರಲೆಂತ ಮಗಳನ್ನ ಅಲ್ಲೇ ಇಟ್ಕೊಂಡಾರ. ಹದಿನಾಲ್ಕು ವರ್ಷದ ಹುಡುಗಿ ಅದ."

ಮಾಣಿಕ ಗೋಡೆಗೆ ಒರಗಿದ. ತಿಂಗಳ ಹಿಂದೆ ಚಿಂತಾಕಿ, ಔರಾದಿನ ಕಡೆ ಭಟ್ಟಿಗೆ ಹೋಗಿರೆಂದು ಮೈಕು ಹಿಡಿದು ಕೂಗಿದವನು ಅವನೇ.

ಬೀದರಿನಲ್ಲಿ ಪ್ರಚಾರ ಕೂಗಲು ಮೈಕು ಕಟ್ಟಿದ ಆಟೊಗಳು ಏಳು ಇದ್ದವು. ಉಳಿದ ಆರು ಮಂದಿಯ ದನಿ ದುಂಡಗೆ, ಕಂಚಿನ ಹಾಗೆ. ಮಾಣಿಕನದು ಒಡಕು. ಸೀರೆ ಅಂಗಡಿಯವರು ಅವನನ್ನು ಕೊನೆಗೆ ಕರೆಯುತ್ತಿದ್ದರು. ಮಳೆ ಕೈಕೊಟ್ಟ ಎರಡನೆಯ ವರ್ಷ ಓಣಿಗೊಂದು ಸುಳ್ಳು ಸುದ್ದಿ ಹುಟ್ಟುತ್ತಿತ್ತು: ಅಲ್ಲಿ ಟ್ಯಾಂಕರ್ ಬಂದಿದೆ, ಇಲ್ಲಿ ಮೇವು ಹಂಚುತ್ತಾರೆ. ಹೆಂಗಸರು ಕೊಡ ಹೊತ್ತು ಓಡುವುದು, ಬಯ್ದುಕೊಂಡು ಮರಳುವುದು. ಆಗ ಅವನಿಗೆ ಹೊಳೆಯಿತು. ದನಿ ಇಲ್ಲದವನಿಗೆ ಒಂದು ಮಾತಾದರೂ ಇರಬೇಕು. ಎಂಟು ದಿನ ಚಹಾದ ಹೋಟೆಲಿನಲ್ಲಿ ಕೂತು ತನ್ನ ಜೊತೆ ಆಟೊ ಓಡಿಸುವ ಗೌಸೋದ್ದೀನನ ಮುಂದೆ ಹತ್ತಾರು ಮಾತು ಹೇಳಿ ನೋಡಿದ. ಎಲ್ಲಕ್ಕೂ ಗೌಸೋದ್ದೀನ ಆಕಳಿಸಿದ. ಒಂದಕ್ಕೆ ಮಾತ್ರ ಚಹಾದ ಬಸಿ ಕೆಳಗಿಟ್ಟ.

"ಮಾಣಿಕ ಕಂಡು ಬಂದಾನ! ಸುಳ್ಳಾದ್ರ ಮೈಕ್ ಕಸ್ಕೋರಿ!"

ಆ ಮಾತನ್ನು ಅವನು ಕಂಡಕಂಡಲ್ಲಿ ಹಾಕಲಿಲ್ಲ. ಟ್ಯಾಂಕರಿನ ಮೈಮುಟ್ಟಿ, ತಣ್ಣಗಿದೆ, ಒಳಗೆ ನೀರಿದೆಯೆಂದು ತಿಳಿದ ಮೇಲೆಯೇ ಹಾಕುತ್ತಿದ್ದ. ಸೀರೆಗೆ ಹಾಕಲಿಲ್ಲ, ಮದ್ದಿಗೆ ಹಾಕಲಿಲ್ಲ, ಚುನಾವಣೆಗಂತೂ ಹಾಕಲೇ ಇಲ್ಲ. ಹೀಗಾಗಿ ಭಾಲ್ಕಿಯಿಂದ ಔರಾದವರೆಗೆ ಜನ ಅವನ ಕೂಗಿನ ಕೊನೆಗೆ ಕಾಯುವುದನ್ನು ಕಲಿತರು. ಮಾತು ಬಂದರೆ ಏಳುವುದು, ಬರದಿದ್ದರೆ ಮಲಗುವುದು. ಆಟೊದ ಹಿಂದೆ ಅದನ್ನೇ ಬರೆಸಿದ. ಮದುವೆ ಮನೆಯಲ್ಲಿ ಅಪರಿಚಿತರು ಕರೆದು ಊಟಕ್ಕೆ ಕೂರಿಸಿದರು.

ಭಾಲ್ಕಿಯ ಮುಕಾದಮ ಬಕ್ಕಪ್ಪ, ಹೈದರಾಬಾದಿನಾಚೆಯ ಇಟ್ಟಂಗಿ ಭಟ್ಟಿಗೆ ಆಳು ಕೂಡಿಸುವವನು, ಆ ಮಾತಿಗಾಗಿಯೇ ಬಂದ. ಮೊಬೈಲಿನಲ್ಲಿ ಫೋಟೊ ತೋರಿಸಿದ. ಸಾಲು ಮನೆ, ಮನೆಗೊಂದು ಫ್ಯಾನು, ಮುಂದೆ ನಳ. ಮಾಣಿಕ ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದ.

"ಒಂದು ದಿನದ ಹಾದಿ ಅದ ಭಾಯಿ. ಹೋಗಿ ನೋಡಿ ಬಾ," ಎಂದಿದ್ದ ಗೌಸೋದ್ದೀನ.

"ನೋಡ್ದೆ ಅಲ್ಲೋ, ನನಗ ಕಣ್ಣಿಲ್ಲೇನು?" ಎಂದು ಮಾಣಿಕ ಹರಿಹಾಯ್ದಿದ್ದ. ಭಟ್ಟಿಗೂ ಆ ಮಾತು ಹಾಕಿಬಿಟ್ಟಿದ್ದ.

ಈಗ ಭಾಗೀರಥಿಬಾಯಿ ಹೇಳುತ್ತಿದ್ದಳು: "ಇವತ್ತ ಮಧ್ಯಾಹ್ನ ಔರಾದಿಂದ ಎರಡ್ನೇ ಲಾರಿ ಹೊಂಟದ. ನಾನೂ ಅದ್ರಾಗೇ ತಿರುಗಿ ಹೋಗ್ಬೇಕು. ಈ ಮಂದಿನಾದ್ರೂ ನಿಂದ್ರಸ್ರಿ. ನನ್ನ ಹೆಸರು ಮಾತ್ರ ತಗೀಬ್ಯಾಡ್ರಿ. ನಾ ಬಾಯಿ ಬಿಟ್ಟೇನಿ ಅಂತ ಬಕ್ಕಪ್ಪಗ ಗೊತ್ತಾದ್ರ ಮಗಳು ನನಗ ಸಿಗಂಗಿಲ್ಲ."

"ಪೊಲೀಸ್ರ ಕಡಿ ಹೋಗಮು ನಡಿ."

"ಅದು ಬ್ಯಾರೆ ರಾಜ್ಯ ಅಂತ ಅವರು ಕಾಗದ ಬರೀತಾ ಕೂಡ್ತಾರ. ಅಷ್ಟ್ರಾಗ ಅವಳನ್ನ ಎಲ್ಲಿ ಸಾಗಸ್ತಾರೋ! ಮೊದಲ ಅವಳು ನನ್ನ ಕೈಗಿ ಬರ್ಲಿ."

ಒಟ್ಟಿಗೆ ಕಾಣಿಸಬಾರದೆಂದು ಅವಳು ಬಸ್ಸಿಗೆ ಹೋದಳು. ಮಾಣಿಕ ಗೌಸೋದ್ದೀನನ ಆಟೊದಲ್ಲಿ ಹೊರಟ.

ಔರಾದಿನ ಬಸ್‌ ನಿಲ್ದಾಣದ ಮಗ್ಗುಲಲ್ಲಿ ಲಾರಿ ನಿಂತಿತ್ತು. ರೊಟ್ಟಿ ಹಂಚು, ಕೌದಿ, ಕಾಲು ಕಟ್ಟಿದ ಕೋಳಿ, ಎಲ್ಲ ಏರಿದ್ದವು. ಕೊಡ ಒಂದೂ ಇರಲಿಲ್ಲ. ಮನೆ ಮುಂದೆ ನಳ ಇದೆ ಎಂದು ಕೂಗಿದವನು ಅದನ್ನು ನೋಡಿ ಮೈಕು ಎತ್ತಿಕೊಂಡ.

"ಕೇಳ್ರೆಪ್ಪೋ! ಯಾರೂ ಈ ಲಾರಿ ಏರಬ್ಯಾಡ್ರಿ! ಅಲ್ಲಿ ನೀರಿಲ್ಲ, ಗೇಟಿಗಿ ಬೀಗ ಹಾಕ್ತಾರ. ಅವತ್ತು ನಾ ಹೇಳಿದ್ದು ಸುಳ್ಳು!"

ಜನ ತಿರುಗಿ ನೋಡಿದರು. ತಲೆಗೆ ಟವೆಲ್ ಸುತ್ತಿದ ಮುದುಕನೊಬ್ಬ ಮುಂದೆ ಬಂದ.

"ಹೋದ ತಿಂಗಳು ಹೋಗ್ರಿ ಅಂದಿ. ಇವತ್ತ ಬ್ಯಾಡ ಅಂತೀ. ಬ್ಯಾರೆ ಭಟ್ಟಿಯವ್ರು ಏನ್ ಕೊಟ್ಟಾರಲೇ ನಿನಗ?"

"ಯಾರೂ ಏನೂ ಕೊಟ್ಟಿಲ್ಲ ಕಾಕಾ, ಖರೇನೇ ಹೇಳ್ಲಾಕತ್ತೀನಿ!"

"ಮತ್ತ ಆ ಮಾತು ಹಾಕು," ಎಂದಳು ಲಾರಿಯ ಮೇಲಿನಿಂದ ಒಬ್ಬಳು. "ಕಂಡು ಬಂದಾನ ಅಂತ ಹೇಳು, ಇಳೀತೀವಿ."

ಮಾಣಿಕ ಬಾಯಿ ತೆರೆದ. ಕಂಡು ಬಂದಿರಲಿಲ್ಲ. ಅವತ್ತೂ ಇಲ್ಲ, ಇವತ್ತೂ ಇಲ್ಲ.

ಲಾರಿಯ ಬಾಗಿಲಿಗೆ ಒರಗಿದ್ದ ಬಕ್ಕಪ್ಪ ನಕ್ಕ. "ಹಾಕಂಗಿಲ್ಲ ಅವ. ಕಂಡಿದ್ರ ಅಲ್ಲ ಹಾಕೋದು? ಯಾರ್ ಹೇಳಿದ್ರೋ ಮಾಣಿಕ ನಿನಗ? ಹೆಸರು ಹೇಳು. ಎದುರ್ನಾಗೇ ಕೇಳಮು."

"ಹೌದು, ಯಾರ್ ಹೇಳ್ಯಾರ?" ಎಂದರು ಜನ.

"ಕಂಡವ್ರೇ ಹೇಳ್ಯಾರ!" ಮಾಣಿಕ ಕೂಗಿಬಿಟ್ಟ. "ಹೆಸರು ಬೇಕೇನು? ತಗೋರಿ…"

ಬೆರಳು ಅರ್ಧ ಎದ್ದಿತ್ತು. ಲಾರಿಯ ಚಕ್ರದ ಹತ್ತಿರ, ಬಟ್ಟೆಯ ಗಂಟು ಎದೆಗೆ ಒತ್ತಿಕೊಂಡು ಭಾಗೀರಥಿಬಾಯಿ ನಿಂತಿದ್ದಳು. ತಲೆ ಅಲ್ಲಾಡಿಸಲಿಲ್ಲ, ಕಣ್ಣು ಸನ್ನೆ ಮಾಡಲಿಲ್ಲ. ಅವನ ಬೆರಳನ್ನೇ ನೋಡುತ್ತಿದ್ದಳು. ಒಂದು ಹೆಸರು ಹೇಳಿದ್ದರೆ ಆ ಮುದುಕ ಟವೆಲ್ ಬಿಚ್ಚಿ ಕೂರುತ್ತಿದ್ದ, ಹೆಂಗಸರು ಇಳಿಯುತ್ತಿದ್ದರು, ಮಾಣಿಕ ಮತ್ತೆ ಮಾಣಿಕನಾಗುತ್ತಿದ್ದ.

ಅವನು ಬೆರಳನ್ನು ತಂದು ಕಿವಿ ಕೆರೆದುಕೊಂಡ.

"ಇಲ್ಲ," ಎಂದ. ಮೈಕಿನಲ್ಲಿ ಅದು ಊರಿಗೆಲ್ಲ ಕೇಳಿಸಿತು. "ಯಾರೂ ಹೇಳಿಲ್ಲ."

ನಗು ಎದ್ದಿತು. "ಕಸ್ಕೋರಿ ಮೈಕ್ ಅವನ್ದು!" ಎಂದು ಯಾರೋ ಅವನದೇ ಒಡಕು ದನಿಯಲ್ಲಿ ಅಣಕಿಸಿದರು. ಯಾರೂ ಕಸಿದುಕೊಳ್ಳಲಿಲ್ಲ. ಅಷ್ಟು ದೂರ ನಡೆದು ಬರುವ ಅಗತ್ಯವೂ ಅವರಿಗೆ ಕಾಣಲಿಲ್ಲ. ಗೌಸೋದ್ದೀನ ಕೈ ಚಾಚಿ ಬ್ಯಾಟರಿಯ ವೈರು ಕಿತ್ತ.

"ಇಕಿನ್ನ ನೋಡ್ರಿ," ಬಕ್ಕಪ್ಪ ಭಾಗೀರಥಿಬಾಯಿಯ ಕಡೆ ಕೈ ಮಾಡಿದ. "ಚಿಂತಾಕಿಯಾಕಿ. ತಿಂಗಳು ಅಲ್ಲಿದ್ದು ಬಂದಾಳ, ತಿರುಗಿ ಹೊಂಟಾಳ. ಜಾಗ ಕೆಟ್ಟದ್ದಿದ್ರ ಯಾರಾದ್ರೂ ತಿರುಗಿ ಹೋಗ್ತಾರೇನ್ರಿ?"

ಇನ್ನೂ ಕೆಳಗೆ ನಿಂತು ಅನುಮಾನಿಸುತ್ತಿದ್ದ ನಾಲ್ಕು ಮಂದಿಯೂ ಗಂಟು ಎತ್ತಿಕೊಂಡರು. ಭಾಗೀರಥಿಬಾಯಿ ಚಕ್ರದ ಮೇಲೆ ಕಾಲಿಟ್ಟು ಏರಿದಳು. ಕೂಸನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಸರಿದು ಜಾಗ ಕೊಟ್ಟಳು.

"ಅಲ್ಲಿ ಚೊಲೊ ಅದ ಅಲ್ಲಕ್ಕಾ?"

ಭಾಗೀರಥಿಬಾಯಿ ಆ ಕೂಸಿನ ಕಾಲು ಮಡಿಲಿಗೆ ಎಳೆದುಕೊಂಡು, ಅಂಗಾಲಿಗೆ ಮೆತ್ತಿದ ಕೆಂಪು ಧೂಳನ್ನು ಸೆರಗಿನಿಂದ ಒರೆಸತೊಡಗಿದಳು. ಲಾರಿ ಬೀದರ ರಸ್ತೆಗೆ ತಿರುಗಿ ಕಣ್ಮರೆಯಾಗುವವರೆಗೂ ಒರೆಸುತ್ತಲೇ ಇದ್ದಳು.