ಕೂಗದ ಬಜರ್

ಒಂದೈದು ನಿಮಿಷ ಕೂತು ಇದನ್ನು ಪೂರ್ತಿ ಕೇಳಿ. ಪ್ರವೀಣಕುಮಾರ ಕೆಟ್ಟ ಮಾಸ್ತರು ಅಂತ ಅರ್ಧಕ್ಕೇ ತೀರ್ಮಾನ ಮಾಡಬೇಡಿ.

ಬ್ಯಾಡಗಿಯ ಆ ಶಾಲೆಯಲ್ಲಿ ಶನಿವಾರ ಬಂತೆಂದರೆ ರೊಬೊಟಿಕ್ಸ್ ಕ್ಲಾಸು. ಬೆಂಚಿನ ತುಂಬ ವೈರು, ಮೋಟಾರು, ಮಿಣುಕು ದೀಪ. ಕಿಟಕಿಯಿಂದ ಬರುವ ಮೆಣಸಿನಕಾಯಿ ಘಾಟಿಗೆ ಯಾರಾದರೊಬ್ಬರು ಸೀನುತ್ತಲೇ ಇರುತ್ತಿದ್ದರು. ರಾಣೆಬೆನ್ನೂರಿನಿಂದ ರೈಲಿನಲ್ಲಿ ಬರುತ್ತಿದ್ದ ವಿಜ್ಞಾನದ ಮಾಸ್ತರು ಪ್ರವೀಣಕುಮಾರರಿಗೆ ಆ ಕ್ಲಾಸೆಂದರೆ ಜೀವ. ಸಾಮಾನೆಲ್ಲ ಕೊಡಿಸಿದ್ದು ಮೆಣಸಿನಕಾಯಿ ವ್ಯಾಪಾರಿ ನಿಜಲಿಂಗಪ್ಪ.

ಉಳಿದವರು ಓಡುವ ಕಾರು ಮಾಡಿದರೆ ಒಂಬತ್ತನೇ ಕ್ಲಾಸಿನ ಮೆಹನಾಜ ಮೆಣಸಿನಕಾಯಿ ಚೀಲಕ್ಕೆ ಚುಚ್ಚುವ ಯಂತ್ರ ಮಾಡಿದಳು. ಒಳಗಿನ ಕಾಯಿ ಹಸಿಯಿದ್ದರೆ ಬಜರ್ ಕೂಗಬೇಕು.

"ಕಾರ್ ಬಿಟ್ಟು ಇದ್ಯಾಕವಾ?" ಎಂದರು ಮಾಸ್ತರು.

"ನಮ್ಮ ಅಮ್ಮಿ ಕಾಯಿ ತೊಟ್ಟು ಬಿಡಸಾಕ ಹೋಗ್ತಾಳ್ರಿ ಸರ್ರ. ಹಸಿ ಚೀಲ ಬಿಚ್ಚಿದ್ರ ಬೂಷ್ಟಿನ ಧೂಳು ಮೂಗಿಗೆ ಹೊಡೀತೈತಿ, ಮನೀಗೆ ಬಂದು ಕೆಮ್ಮತಾಳ. ಮೊದ್ಲ ಗೊತ್ತಾದ್ರ ಆ ಚೀಲ ಬ್ಯಾಡ ಅನ್ನಬಹುದಲ್ರಿ."

ಎಷ್ಟು ಹಸಿಗೆ ಕೂಗಬೇಕೆಂಬ ಅಂಕಿಯನ್ನು ಕೋಡಿನಲ್ಲಿ ಅವಳೇ ಬರೆದಿದ್ದಳು. ಮಾಳಿಗೆ ಮೇಲೆ ಕಾಯಿ ಒಣಗಿಸಿ, ನೀರು ಚಿಮುಕಿಸಿ, ಮತ್ತೆ ಒಣಗಿಸಿ ಕಂಡುಕೊಂಡ ಅಂಕಿ ಅದು.

ಶಾಲೆಯ ವಸ್ತುಪ್ರದರ್ಶನಕ್ಕೆ ನಿಜಲಿಂಗಪ್ಪನವರೇ ಮುಖ್ಯ ಅತಿಥಿ. ಹಿಂದಿನ ದಿನ, ಚುಚ್ಚಿ ತೋರಿಸಲೆಂದು, ಖುಷಿಯಿಂದ ತಮ್ಮ ಅಂಗಡಿಯದೇ ಒಂದು ಚೀಲ ಕಳಿಸಿದರು. ಮಕ್ಕಳು ಮನೆಗೆ ಹೋದ ಮೇಲೆ ಮಾಸ್ತರು ಸುಮ್ಮನೆ ಚುಚ್ಚಿ ನೋಡಿದರು. ಬಜರ್ ಕೂಗಿತು. ಇನ್ನೊಂದು ಕಡೆ ಚುಚ್ಚಿದರೂ ಕೂಗಿತು. ನಿಜಲಿಂಗಪ್ಪನವರಿಗೆ ಫೋನ್ ಮಾಡಿದರು.

"ಸಾಹುಕಾರ್ರ, ಬ್ಯಾರೆ ಚೀಲ ಕಳಸ್ತೀರೇನ್ರಿ? ಇದು ಹಸಿ ಐತಿ."

"ಪೂರಾ ಒಣಗಿದ ಕಾಯಿ ತುಂಬಿದ್ರ ಮುರುದು ಪುಡಿ ಆಗ್ತೈತ್ರಿ ಮಾಸ್ತರ. ಅದಕ್ಕ ಒಂದೀಟು ನೀರು ಹೊಡೀತೀವಿ. ಹಂಗಂತ ಮಂದಿ ಮುಂದ ಬೊಬ್ಬಿ ಹೊಡಸ್ತೀರೇನು?" ಅವರು ನಕ್ಕರು. "ನನ್ನ ಹೆಸರಿನ ಚೀಲ ಅಲ್ಲೇ ಇರ್ಲಿ. ಮಷೀನ್ ನಿಮ್ದು, ಮರ್ಯಾದಿ ನಮ್ದು. ಹುಡುಗರಿಗೆ ಲ್ಯಾಪ್‌ಟಾಪ್ ಕೇಳಿದ್ರಲ್ಲ, ಅದನ್ನೂ ಮಾತಾಡೋಣು."

ಮಾಸ್ತರು ಮೆಹನಾಜಳ ಕೋಡು ತೆರೆದರು. ಒಂದೇ ಲ್ಯಾಪ್‌ಟಾಪಿಗೆ ಇಡೀ ಕ್ಲಾಸು ಮುಗಿಬೀಳುವುದು ಕಣ್ಣಿಗೆ ಬಂತು. ನನಗಾಗಿ ಅಲ್ಲವಲ್ಲ ಅಂದುಕೊಂಡು, ಬಜರ್ ಕೂಗದಂತೆ ಆ ಒಂದು ಅಂಕಿ ಬದಲಿಸಿದರು.

ಮರುದಿನ ಎಲ್ಲರ ಮುಂದೆ ಮೆಹನಾಜ ಚುಚ್ಚಿದಳು. ಬಜರ್ ಕೂಗಲಿಲ್ಲ.

"ನೋಡ್ರಿ, ನಮ್ಮ ಕಾಯಿ ಗರಿಗರಿ," ಎಂದರು ನಿಜಲಿಂಗಪ್ಪ. ಜನ ಚಪ್ಪಾಳೆ ತಟ್ಟಿದರು.

ಅವಳು ಒಂದು ಕಾಯಿ ತೆಗೆದು ಬಗ್ಗಿಸಿದಳು. ಅದು ಮುರಿಯಲಿಲ್ಲ. "ಕಾಯಿ ಹಸೀನ ಐತ್ರಿ. ನನ್ನ ಮಷೀನ್ ತಪ್ಪೈತಿ."

"ಮಷೀನಿಗಿಂತ ನಿನ್ನ ಬಾಯಿ ಜೋರೈತಲ್ಲವಾ!" ಎಂದರು ಸಾಹುಕಾರರು.

ಎಲ್ಲರೂ ನಕ್ಕರು. ಗುಂಪಿನ ಹಿಂದೆ ನಿಂತಿದ್ದ ಅವಳ ತಾಯಿ ಜೈತೂನಬಿ ಸೆರಗು ಎಳೆದುಕೊಂಡು ಹೊರಗೆ ನಡೆದಳು.

ಮಂದಿ ಕರಗಿದ ಮೇಲೆ ಮೆಹನಾಜ ಲ್ಯಾಪ್‌ಟಾಪ್ ಹಿಡಿದು ಬಂದಳು. "ಸರ್ರ, ಈ ನಂಬರ್ ನಾ ಬರ್ದಿಲ್ರಿ."

ಆಗಲಾದರೂ ಹೇಳಬಹುದಿತ್ತು. "ಗಡಿಬಿಡಿಯೊಳಗ ನೀನ ಬರ್ದಿರಬೇಕು, ನೋಡ್ಕೋ," ಎಂದುಬಿಟ್ಟರು ಮಾಸ್ತರು.

"ಹೌದೇನ್ರಿ," ಎಂದಳು ಅವಳು, ಅಷ್ಟೇ.

ಹೊಸ ಲ್ಯಾಪ್‌ಟಾಪುಗಳು ಬಂದವು. ಮೆಹನಾಜ ಮಾತ್ರ ರೊಬೊಟಿಕ್ಸ್ ಕ್ಲಾಸಿಗೆ ಬರಲಿಲ್ಲ, ಹಾಡಿನ ಗುಂಪಿಗೆ ಸೇರಿದ್ದಳು. ವರಾಂಡದಲ್ಲಿ ಸಿಕ್ಕಾಗ ಮಾಸ್ತರು ಕೇಳಿದರೆ, "ನನಗ ಕೋಡಿಂಗ್ ತಿಳಿಯೂದಿಲ್ರಿ ಸರ್ರ" ಎಂದಳು. ಸಿಟ್ಟಿನಿಂದಲ್ಲ, ನಿಜವೆಂದೇ ನಂಬಿ ಹೇಳಿದಳು. ಅದೇ ಅವರಿಗೆ ತಡೆಯಲಾಗಲಿಲ್ಲ.

ಮುಂದಿನ ಶನಿವಾರ ಅವಳನ್ನು ಕರೆಸಿ, ಕ್ಲಾಸಿನ ಪರದೆ ಮೇಲೆ ಅವಳ ಕೋಡು ತೆರೆದರು. ಅಂಕಿ ಅಳಿಸಿ ಹಳೆಯದನ್ನು ಬರೆದರು.

"ಇದು ಮೆಹನಾಜ ಬರ್ದಿದ್ದು. ಬದಲಿ ಮಾಡಿದಾವ ನಾನು."

ಯಾರೂ ಸೀನಲೂ ಇಲ್ಲ. ಮೂಲೆಯಲ್ಲಿ ಅದೇ ಚೀಲ ಇನ್ನೂ ಇತ್ತು. ಬಾಯಿ ಬಿಚ್ಚಿದರೆ ಬೂಷ್ಟಿನ ವಾಸನೆ. ಮೆಹನಾಜ ಚುಚ್ಚಿದಳು. ಬಜರ್ ಕೂಗಿತು.

ಅವಳು ನಗಲಿಲ್ಲ. "ಅವತ್ತ ಅಮ್ಮಿ ಅಲ್ಲೇ ನಿಂತಿದ್ಲ್ರಿ. ಅವತ್ತ ಯಾಕ ಹೇಳ್ಲಿಲ್ರಿ ಸರ್ರ?"

ಅವಳು ಹಾಡಿನ ಕ್ಲಾಸಿಗೆ ಹೋದಳು. ಬಜರ್ ಆರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಪ್ರದರ್ಶನದ ಹಿಂದಿನ ಸಂಜೆ ಖಾಲಿ ಕ್ಲಾಸಿನಲ್ಲಿ, ಆ ಒಂದು ಅಂಕಿಯ ಮುಂದೆ ನೀವು ಕೂತಿದ್ದರೆ ಏನು ಮಾಡುತ್ತಿದ್ದಿರಿ?