ಸೌನಾ ಒಲೆಯ ಕಲ್ಲುಗಳು

ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಓದಲು ಇರುವುದು ಹಬೆಸ್ನಾನದ ಸೌನಾ ಕೋಣೆಯೊಂದೇ. "ಓದೋಕೆ ತಕ್ಕ ವಾತಾವರಣ ನೀವೇ ಮಾಡ್ಕೋಬೇಕು," ಎನ್ನುತ್ತಾರೆ ಆನ್‌ಲೈನ್ ನರ್ಸಿಂಗ್ ಟೀಚರ್. ಅವರ ಮನೆಯಲ್ಲಿ ಎಷ್ಟು ಕೋಣೆಗಳಿವೆಯೋ.

ಕಳೆದ ಶನಿವಾರ ಔಷಧದ ಪ್ರಮಾಣದ ಪರೀಕ್ಷೆ. ನಡುವೆಯೇ ಗಂಡ ಆರ್ತೊ ಹೊರಗಿನಿಂದ ಒಲೆಯ ಸ್ವಿಚ್ ಹಾಕಿದ. ಒಲೆಯೊಳಗಿನ ಕಲ್ಲುಗಳು ಕಾದ ಮೇಲೆ ಅವುಗಳ ಮೇಲೆ ನೀರು ಸುರಿದರೇ ಹಬೆ. ಕ್ಯಾಮೆರಾ ಮುಂದಿನಿಂದ ಎದ್ದರೆ ಪರೀಕ್ಷೆ ರದ್ದು. ಬೆವರುತ್ತಲೇ ಬರೆದೆ, ಲ್ಯಾಪ್‌ಟಾಪ್ ಕಾದು ಆರಿಹೋಯಿತು. ಫೇಲಾದೆ.

"ಶನಿವಾರ ಸೌನಾ ಬಿಡೋಕಾಗುತ್ತೇನೇ? ಬೇರೆಲ್ಲಾದ್ರೂ ಓದ್ಕೋ," ಅಂದ.

ಈ ಶನಿವಾರ ಮರುಪರೀಕ್ಷೆ. ಅದು ಮುಗಿಯುವ ಹೊತ್ತಿಗೆ ಆರ್ತೊ ಟವೆಲ್ ಸುತ್ತಿಕೊಂಡು ಬಂದು, ತಣ್ಣಗಿದ್ದ ಒಲೆಯೊಳಗೆ ಇಣುಕಿದ.

"ಕಲ್ಲೆಲ್ಲ ಎಲ್ಲಿ?"

"ಟಿವಿ ಮುಂದೆ, ನಿನ್ನ ಕುರ್ಚಿ ಮೇಲೆ. ಅಲ್ಲೇ ನೀರು ಸುರ್ಕೋ. ವಾತಾವರಣ ನೀನೇ ಮಾಡ್ಕೋಬೇಕು."